ಐವತ್ತು ಮೇಸ್ತ್ರಿಯ ಹನ್ನೆರಡು ಬಾಣ

ಕೊಳಾಯಿ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿಗೆ ಬಿಟ್ಟರೆ ಜಗತ್ತಿನಲ್ಲಿ ಇನ್ನಾರಿಗೂ ನೆನಪಿರಲಿಲ್ಲ. ಊರಿಗೆಲ್ಲ ಅವನು ಐವತ್ತು ಮೇಸ್ತ್ರಿ. ಬಚ್ಚಲ ನಲ್ಲಿ ಸೋರಿದರೆ "ಐವತ್ತನ್ನ ಕರೀರಿ" ಎನ್ನುತ್ತಿದ್ದರು. ಐವತ್ತು ಅವನ ವಯಸ್ಸಲ್ಲ, ಅದನ್ನು ದಾಟಿ ಆರು ವರ್ಷವಾಗಿತ್ತು. ಅದು ಅವನ ಬಿಲ್ಲಿನ ಬಲ. ಹೆದೆಯನ್ನು ಕೆನ್ನೆಯವರೆಗೆ ಎಳೆದು ಹಿಡಿದಾಗ ಮೂರು ಬೆರಳಿನ ಮೇಲೆ ಐವತ್ತು ಪೌಂಡು ಭಾರ ನೇತಾಡಬೇಕು, ಅಂಥ ಬಿಲ್ಲು. ಮಾಡಿದವರೇ ಹಿಡಿಕೆಯ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಐವತ್ತು ಎಂದು ಸುಟ್ಟು ಬರೆದಿದ್ದರು. ಅದರ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಮೇಸ್ತ್ರಿ ಅದನ್ನು ಯಾವತ್ತೂ ಓದಿರಲಿಲ್ಲ. ದಪ್ಪಕ್ಷರದಲ್ಲಿ ಒಳ್ಳೆಯ ಸುದ್ದಿ ಇರುವಾಗ ಸಣ್ಣಕ್ಷರ ಓದುವವನಂಥ ಮೂರ್ಖ ಇನ್ನೊಬ್ಬನಿಲ್ಲ.

ಆ ಬಿಲ್ಲನ್ನು ಅವನು ಎಳೆದರೆ ಗುಡ್ಡದ ಹಕ್ಕಿಗಳೆಲ್ಲ ಉಸಿರು ಬಿಗಿಹಿಡಿಯುತ್ತಿದ್ದವು. ಒಮ್ಮೆ ಅವನ ಬಾಣ ಗುರಿಯನ್ನು ತೂರಿ, ಗುರಿಯ ಹಿಂದಿನ ಮರವನ್ನು ತೂರಿ, ಅದರ ಹಿಂದಿನ ಮರದಲ್ಲಿದ್ದ ಅಳಿಲಿನ ಯೋಗಕ್ಷೇಮ ವಿಚಾರಿಸಿ ನಿಂತಿತಂತೆ. ಇದನ್ನು ಹೇಳಿದವನು ಮೇಸ್ತ್ರಿಯೇ. ಕೇಳಿದವರು ಅಳಿಲನ್ನು ಎರಡು ಮಾಡಿ ಮುಂದಿನ ಬೀದಿಗೆ ದಾಟಿಸಿದರು.

ಊರ ಹಿಂದಿನ ಗುಡ್ಡದಲ್ಲಿ ಬಿಲ್ಲುಗಾರರ ಸಂಘದ ಕಾಲುದಾರಿಯಿತ್ತು. ಬಯಲಿನಲ್ಲಿ ಗೆರೆ ಎಳೆದು ನಿಂತು ಹೊಡೆಯುವ ಸೋಮಾರಿ ಆಟವಲ್ಲ ಅದು. ಮರಗಳ ನಡುವೆ, ಇಳಿಜಾರಿನಲ್ಲಿ, ಕಣಿವೆಯಾಚೆ ಇಪ್ಪತ್ತನಾಲ್ಕು ಗುರಿ. ಯಾವ ಗುರಿ ಎಷ್ಟು ದೂರ ಎಂದು ಯಾರೂ ಹೇಳುವುದಿಲ್ಲ, ಕಣ್ಣಲ್ಲೇ ಅಳೆಯಬೇಕು. ಒಂದೊಂದಕ್ಕೆ ಮೂರು ಬಾಣ. ವರ್ಷಕ್ಕೊಂದು ಭಾನುವಾರ ಆಯ್ಕೆ ಪಂದ್ಯ. ಹೆಚ್ಚು ಅಂಕ ಪಡೆದ ಒಬ್ಬರು ಮಾತ್ರ ಊರೂರಿನ ಸಂಘಗಳು ಸೇರುವ ದೊಡ್ಡ ಪಂದ್ಯಕ್ಕೆ ಹೋಗುತ್ತಾರೆ. ಹನ್ನೊಂದು ವರ್ಷದಿಂದ ಆ ಒಬ್ಬರು ಐವತ್ತು ಮೇಸ್ತ್ರಿಯೇ. ಹನ್ನೊಂದು ವರ್ಷದಿಂದ ಎರಡನೆಯವನಾಗಿ ನಿಂತು ಹಲ್ಲು ಕಡಿಯುತ್ತಿದ್ದವನು ಅವನ ಹೆಂಡತಿಯ ತಮ್ಮ, ಕ್ಷೌರದಂಗಡಿಯವನು.

"ಭಾವಾ, ಈ ಸಲ ನಂದೂ ಐವತ್ತು," ಎಂದು ಅವನು ಎರಡು ವರ್ಷದ ಹಿಂದೆಯೇ ಹೊಸ ಬಿಲ್ಲು ತಂದು ತೋರಿಸಿದ್ದ.

"ಬಿಲ್ಲು ಐವತ್ತಾದ್ರೆ ಸಾಲ್ದಪ್ಪ, ಎಳೆಯೋನೂ ಐವತ್ತಾಗ್ಬೇಕು," ಎಂದಿದ್ದ ಮೇಸ್ತ್ರಿ, ಅವನದೇ ಕುರ್ಚಿಯಲ್ಲಿ ಕೂತು, ಅವನದೇ ಕತ್ತಿಯ ಕೆಳಗೆ ಗಲ್ಲ ಕೊಟ್ಟುಕೊಂಡು. ಧೈರ್ಯ ಅಂದರೆ ಅದು.

ಪಂದ್ಯಕ್ಕೆ ಮುಂಚೆ ಸಂಘದವರೆಲ್ಲ ಗರಿಯಜ್ಜನ ಹತ್ತಿರ ಒಂದೊಂದು ಡಜನ್ ಮರದ ಬಾಣ ಮಾಡಿಸುತ್ತಿದ್ದರು. ಅಜ್ಜನಿಗೆ ಗರಿಯಜ್ಜ ಎಂದು ಹೆಸರು ಬಂದದ್ದು ಬಾಣಕ್ಕೆ ಗರಿ ಅಂಟಿಸುತ್ತಿದ್ದುದರಿಂದ. ಅವನ ಗಡ್ಡದಲ್ಲೂ ಎರಡು ಗರಿ ಯಾವಾಗಲೂ ಸಿಕ್ಕಿಕೊಂಡಿರುತ್ತಿದ್ದವು. ಬಾಣ ನೇರ ಹೋಗುತ್ತದೆ ಎಂದು ತಿಳಿದವರು ಬಾಣವನ್ನೇ ನೋಡಿಲ್ಲ. ಹೆದೆ ಬಿಟ್ಟ ಕ್ಷಣ ಅದು ಮೀನಿನ ಹಾಗೆ ಬಳುಕಿ, ಬಿಲ್ಲಿನ ಹೊಟ್ಟೆಯನ್ನು ಸುತ್ತಿ ಹಾದು, ಆಮೇಲೆ ನೆಟ್ಟಗಾಗುತ್ತದೆ. ಬಿಲ್ಲಿನ ಬಲಕ್ಕೆ ತಕ್ಕಷ್ಟೇ ಬಳುಕಬೇಕು. ಬಿಗಿ ಹೆಚ್ಚಾದರೆ ಬಲಗೈಯವನ ಬಾಣ ಎಡಕ್ಕೆ ಸಿಡಿಯುತ್ತದೆ, ಕಡಿಮೆಯಾದರೆ ಬಲಕ್ಕೆ ಜಾರುತ್ತದೆ. ಅದಕ್ಕೇ ಮರದ ಬಾಣದ ಬಿಗಿಯನ್ನೂ ಪೌಂಡಿನಲ್ಲೇ ಹೇಳುವುದು: ಐವತ್ತರ ಬಿಲ್ಲಿಗೆ ಐವತ್ತರ ಬಾಣ. ಗರಿಯ ಕೆಳಗೆ ಆ ಅಂಕಿ ಬರೆದಿರಬೇಕು ಎಂಬುದು ಸಂಘದ ನಿಯಮ. ಪಂದ್ಯದ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಒಬ್ಬೊಬ್ಬರೂ ಬಾಣ ತೋರಿಸಿ ಅಂಕಿ ಕೂಗಬೇಕು, ಕೂಗಿದ್ದನ್ನು ಕರಿಹಲಗೆಯ ಮೇಲೆ ಹೆಸರಿನ ಮುಂದೆ ಬರೆಯುತ್ತಾರೆ. ಮೇಸ್ತ್ರಿ ಹನ್ನೊಂದು ವರ್ಷ "ಐವತ್ತು!" ಎಂದು ಕೂಗಿದ್ದ ಕೂಗಿಗೆ ಹಲಗೆಯ ಸೀಮೆಸುಣ್ಣ ತಾನಾಗಿ ಪುಡಿಯಾಗುತ್ತಿತ್ತು.

ಇನ್ನೂ ಒಂದು ಕಟ್ಟಳೆಯಿತ್ತು. ಹೊಸ ಬಾಣವನ್ನು ಪಂದ್ಯದ ದಿನದವರೆಗೆ ಯಾರೂ ಹೊಡೆದು ನೋಡಬಾರದು. ನೋಡಿದರೆ ಗರಿಯಜ್ಜನನ್ನು ನಂಬಲಿಲ್ಲ ಎಂದಾಗುತ್ತದೆ. ಈ ಕಟ್ಟಳೆಯನ್ನು ಎಲ್ಲರೂ ಪಾಲಿಸುತ್ತಿದ್ದರು. ಎಲ್ಲರೂ ಅಂದರೆ, ಮೇಸ್ತ್ರಿಯೊಬ್ಬನನ್ನು ಬಿಟ್ಟು. ಅವನು ಪ್ರತಿ ವರ್ಷವೂ ಕದ್ದು ಹೊಡೆದು ನೋಡುತ್ತಿದ್ದ.

ಈ ವರ್ಷ ಬುಧವಾರ ಬೆಳಿಗ್ಗೆ ಅವನು ಪೈಪು ತುಂಬುವ ಉದ್ದ ಚೀಲದಲ್ಲಿ ಬಿಲ್ಲು ಅಡಗಿಸಿಕೊಂಡು ಗುಡ್ಡ ಹತ್ತಿದ. ಮೂವತ್ತು ಹೆಜ್ಜೆ ದೂರದ ಗುರಿ. ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥದ್ದು. ಹೊಸ ಬಾಣ ಹೂಡಿದ, ಎಳೆದ, ಬಿಟ್ಟ.

ಬಾಣ ಗುರಿಯ ಎಡಕ್ಕೆ ಒಂದು ಮಾರು ದೂರದ ಮರಕ್ಕೆ ಹೋಗಿ ಕಚ್ಚಿಕೊಂಡಿತು.

ಮೇಸ್ತ್ರಿ ಮರವನ್ನು ನೋಡಿದ. ಆ ಮರ ನಿನ್ನೆ ಅಲ್ಲಿತ್ತೇ ಎಂಬ ಅನುಮಾನ ಬಂತು. ಎರಡನೆಯ ಬಾಣ, ಅದೇ ಮರ. ಮೂರನೆಯದು ಎರಡನೆಯದರ ಪಕ್ಕಕ್ಕೆ, ಭುಜಕ್ಕೆ ಭುಜ ತಾಗಿಸಿ ನಿಂತಿತು. ಹೆದೆ ಬಿಚ್ಚಿ ಕಟ್ಟಿದ. ಚಪ್ಪಲಿ ಬಿಟ್ಟು ಹೊಡೆದ, ಹಾಕಿಕೊಂಡು ಹೊಡೆದ. ಉಸಿರು ಹಿಡಿದು ಹೊಡೆದ, ಉಸಿರಾಡುತ್ತ ಹೊಡೆದ. ಹನ್ನೆರಡೂ ಮುಗಿದಾಗ ಗುರಿ ಹುಟ್ಟಿದ ದಿನದಷ್ಟು ನುಣ್ಣಗಿತ್ತು, ಮರ ಮಾತ್ರ ಮುಳ್ಳುಹಂದಿಯಾಗಿತ್ತು. ಹನ್ನೊಂದು ವರ್ಷದ ಕೈ ಒಂದೇ ಬೆಳಿಗ್ಗೆ ಹೋಗಿಬಿಡುತ್ತದೆಯೇ? ಪಾರ್ಶ್ವವಾಯು ಬಡಿಯುವುದೆಂದರೆ ಹೀಗೆಯೇ ಇರಬಹುದೆಂದು ಬಾಯಿ ಸೊಟ್ಟಗಾಗಿದೆಯೋ ಎಂದು ಮುಟ್ಟಿ ನೋಡಿಕೊಂಡ. ಇರಲಿಲ್ಲ. ಬಾಯಿಗೆ ಏನೂ ಆಗಿರಲಿಲ್ಲ. ಅವನ ಬಾಯಿಗೆ ಏನಾದರೂ ಆಗಬೇಕಾದರೆ ಪಾರ್ಶ್ವವಾಯುವೂ ಎರಡು ಸಲ ಯೋಚಿಸಬೇಕು.

ಬತ್ತಳಿಕೆಯ ತಳದಲ್ಲಿ ಹೋದ ವರ್ಷದ ಬಾಣವೊಂದು ಉಳಿದಿತ್ತು. ಗರಿ ಹರಿದ, ಬಣ್ಣ ಹೋದ ಮುದಿ ಬಾಣ. ಅದನ್ನು ಹೂಡಿ ಬಿಟ್ಟ. ಅದು ಸೀದಾ ಹೋಗಿ ಗುರಿಯ ನಡುವಣ ಹಳದಿಯಲ್ಲಿ ಕೂತು, ಗುಂಯ್ ಎಂದಿತು.

ಈಗ ಮೇಸ್ತ್ರಿಗೆ ಭಯ ಹೋಗಿ ಸಿಟ್ಟು ಬಂತು. ಕೈ ಸರಿಯಿದೆ. ಬಾಣ ಕೆಟ್ಟಿದೆ!

ಬಾಣಗಳನ್ನೆಲ್ಲ ಕಿತ್ತುಕೊಂಡು ಗರಿಯಜ್ಜನ ಅಂಗಡಿಗೆ ಅವನು ನುಗ್ಗಿದ ರಭಸಕ್ಕೆ ಅಲ್ಲಿದ್ದ ಗರಿಗಳೆಲ್ಲ ಎದ್ದು ಹಾರಿ, ಅರ್ಧ ಗಳಿಗೆಯಾದ ಮೇಲೆ ಕೆಳಗಿಳಿದವು. ಅಜ್ಜ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಕೋಣೆಯಲ್ಲಿ ಮಲಗಿದ್ದ. ಎರಡು ತಿಂಗಳಿಂದ ಬಾಣ ಮಾಡುತ್ತಿದ್ದವಳು ಅವನ ಮಗಳು. ಅದಕ್ಕೂ ಮುಂಚೆ ಅವಳು ಔಷಧದಂಗಡಿಯಲ್ಲಿ ಪುಡಿ ತೂಗುತ್ತಿದ್ದವಳು. ತಕ್ಕಡಿಯ ಮೇಲೆ ಸೊಳ್ಳೆ ಕೂತರೆ ಎದ್ದು ಹೋಗುವವರೆಗೆ ಕಾಯುತ್ತಿದ್ದಳಂತೆ.

"ಏನಮ್ಮಾ, ಬಾಣ ಕೊಟ್ಟೆಯೋ ಬಡಿಗೆ ಕೊಟ್ಟೆಯೋ? ಹನ್ನೆರಡಕ್ಕೆ ಹನ್ನೆರಡೂ ಎಡಕ್ಕೆ ಹೋಗ್ತವೆ!"

"ಭಾನುವಾರ ಹೊಡೀಬೇಕಾದ ಬಾಣ ಎಡಕ್ಕೆ ಹೋಗುತ್ತೆ ಅಂತ ಬುಧವಾರವೇ ಹೆಂಗ್ ಗೊತ್ತಾಯ್ತು ಮೇಸ್ತ್ರಿಯವರೇ?" ಎಂದಳು ಅವಳು, ತಲೆ ಎತ್ತದೆ.

ಮೇಸ್ತ್ರಿ ಕೆಮ್ಮಿದ. "ಅದು... ನೋಡಿದ್ರೇ ಗೊತ್ತಾಗುತ್ತೆ. ಅನುಭವ."

ಅವಳು ಒಂದು ಹೊಸ ಬಾಣವನ್ನು ತೆಗೆದುಕೊಂಡು ಮೇಜಿನ ಮೇಲಿನ ಹಲಗೆಯ ಎರಡು ಗೂಟಗಳ ಮೇಲೆ ಅಡ್ಡ ಇಟ್ಟಳು. ನಡುವೆ ಒಂದು ಸೀಸದ ಗುಂಡು ನೇತುಹಾಕಿದಳು. ಬಾಣ ತುಸು ಬಾಗಿತು. ಬಾಗಿದಷ್ಟಕ್ಕೂ ಪಕ್ಕದ ಮುಳ್ಳು ಸರಿದು ಒಂದು ಅಂಕಿಯ ಮೇಲೆ ನಿಂತಿತು. ಐವತ್ತು. ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

"ಐವತ್ತು ಹೇಳಿದ್ರಿ, ಐವತ್ತು ಕೊಟ್ಟಿದೀನಿ. ತಪ್ಪು ಎಲ್ಲಿದೆ ತೋರಿಸಿ."

"ಹಂಗಾದ್ರೆ ಇದನ್ನಿಟ್ಟು ನೋಡು," ಎಂದು ಮೇಸ್ತ್ರಿ ಮುದಿ ಬಾಣವನ್ನು ಖಡ್ಗದಂತೆ ಹಿರಿದ. ಅದರ ಮೇಲೂ ಅಜ್ಜನ ಕೈಬರಹದಲ್ಲಿ ಐವತ್ತು ಎಂದೇ ಬರೆದಿತ್ತು. "ಇದು ನಿಮ್ಮಪ್ಪ ಮಾಡಿದ ಐವತ್ತು. ಅಸಲಿ ಐವತ್ತು."

ಅವಳು ಇಟ್ಟಳು. ಗುಂಡು ನೇತುಹಾಕಿದಳು. ಬಾಣ ಬಾಗಿತು, ಇನ್ನೂ ಬಾಗಿತು, ಮುಳ್ಳು ಐವತ್ತನ್ನು ದಾಟಿ ಕೆಳಗಿಳಿಯುತ್ತಲೇ ಹೋಯಿತು. ನಲವತ್ತೈದು. ನಲವತ್ತು. ಮೇಸ್ತ್ರಿ "ಹೋಯ್, ಹೋಯ್, ನಿಲ್ಸು" ಎಂದು ಜಾರುವ ಹಸುವನ್ನು ಕೂಗುವಂತೆ ಕೂಗಿದ. ಮುಳ್ಳು ನಿಂತಿತು.

ಮೂವತ್ತೆಂಟು.

ಮಗಳೂ ಮುಳ್ಳನ್ನು ನೋಡಿದಳು, ಬಾಣದ ಮೇಲಿನ ಅಂಕಿಯನ್ನು ನೋಡಿದಳು, ಮೇಸ್ತ್ರಿಯನ್ನು ನೋಡಿದಳು. ಗುಂಡು ತೆಗೆದು ಮತ್ತೆ ಹಾಕಿದಳು. ಮೂವತ್ತೆಂಟೇ.

"ಅಪ್ಪಾ!" ಎಂದಳು ಒಳಗಿನ ಕಡೆ ತಿರುಗಿ. ಅಷ್ಟು ಹೊತ್ತೂ ನೆಟ್ಟಗಿದ್ದ ಅವಳ ದನಿಯೂ ಬಾಗಿತ್ತು.

ಒಳಕೋಣೆಯಲ್ಲಿ ಗರಿಯಜ್ಜ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ದಿಂಬಿಗೊರಗಿ ಕೂತಿದ್ದ. ಮೇಸ್ತ್ರಿ ಬಾಗಿಲಲ್ಲೇ ಶುರುಮಾಡಿದ: "ಹನ್ನೊಂದು ವರ್ಷ! ಹನ್ನೊಂದು ವರ್ಷ ನನಗೆ ಮೋಸ ಮಾಡಿದೆಯಲ್ಲಜ್ಜ! ಐವತ್ತು ಅಂತ ಬರೆದು ಮೂವತ್ತೆಂಟರ ಕಡ್ಡಿ ಕೊಟ್ಟೆಯಲ್ಲ!"

"ಕೊಟ್ಟೆ," ಎಂದ ಅಜ್ಜ. "ಗೆದ್ಯಲ್ಲ?"

ಮೇಸ್ತ್ರಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಮುಂದುವರಿಸಿದ್ದ. "ಮಗಳೇ, ಉದ್ದನೆ ಬಾಣ ತಗೊಂಬಾ. ಬಟ್ಟೆ ಒಣಗಿಸೋ ಕ್ಲಿಪ್ಪೊಂದು ತಗೊಂಬಾ. ಮೇಸ್ತ್ರಿ, ನಿನ್ನ ಬಿಲ್ಲಿಗೆ ಹೆದೆ ಕಟ್ಟು."

ಮಗಳು ಬಾಣದ ಮುಂಭಾಗಕ್ಕೆ ಕ್ಲಿಪ್ಪು ಸಿಕ್ಕಿಸಿದಳು. ಹೆದೆ ಎಳೆದಾಗ ಬಾಣ ಹಿಂದಕ್ಕೆ ಸರಿಯುತ್ತದೆ. ಕ್ಲಿಪ್ಪು ಬಿಲ್ಲಿಗೆ ತಡೆದು ಬಾಣದ ಮೇಲೆ ಜಾರುತ್ತದೆ. ಎಳೆದದ್ದು ಎಷ್ಟು ಎಂದು ಅದೇ ಸಾಕ್ಷಿ ಹೇಳುತ್ತದೆ. ಮೇಸ್ತ್ರಿ ಕಾಲು ಅಗಲಿಸಿ, ಎದೆ ಸೆಟೆಸಿ, ಗೋಡೆಯ ಗಡಿಯಾರ ಬೆಚ್ಚಿ ಎರಡು ನಿಮಿಷ ಹಿಂದೆ ಸರಿಯುವಂತೆ ಎಳೆದ. ನಿಧಾನ ಇಳಿಸಿದ. ಮಗಳು ಅಳತೆಪಟ್ಟಿ ಹಿಡಿದಳು.

"ಇಪ್ಪತ್ನಾಲ್ಕು ಇಂಚು."

"ಈಗ ಬಿಲ್ಲಿನ ಮೇಲಿರೋ ಸಣ್ಣಕ್ಷರ ಓದು," ಎಂದ ಅಜ್ಜ.

ಮಗಳೇ ಓದಿದಳು. 'ಇಪ್ಪತ್ತೆಂಟು ಇಂಚು ಎಳೆದಾಗ' ಎಂದಿತ್ತು.

"ಬಿಲ್ಲು ಐವತ್ತೇ ಕಣಯ್ಯ. ಅದನ್ನ ಇಪ್ಪತ್ತೆಂಟು ಎಳೆಯೋ ಉದ್ದ ತೋಳಿದ್ದೋನಿಗೆ ಐವತ್ತು. ನಿನ್ನ ತೋಳಿಗೆ ಇಪ್ಪತ್ನಾಲ್ಕಕ್ಕೆ ಕೆನ್ನೆ ಬಂದ್ಬಿಡುತ್ತೆ. ಇಂಚಿಗೆ ಮೂರು ಪೌಂಡು ಕಳಿ. ನೀನು ಮೊದಲನೇ ವರ್ಷ ಐವತ್ತರ ಬಾಣ ಕೇಳಿದಾಗ ನಾನು ನಿನ್ನ ತೋಳು ನೋಡ್ದೆ, ಮುಖಾನೂ ನೋಡ್ದೆ. ತೋಳಿಗೆ ತಕ್ಕ ಬಾಣ ಮಾಡ್ದೆ, ಮುಖಕ್ಕೆ ತಕ್ಕ ಅಂಕಿ ಬರೆದೆ."

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಬಿಲ್ಲು ಎಳೆದ ತನ್ನ ತೋಳೂ ಕಾಣದು. ಆಗ ಕಣ್ಣು ಗುರಿಯ ಮೇಲಿರುತ್ತದೆ. ಮೇಸ್ತ್ರಿ ತನ್ನ ಎರಡು ತೋಳನ್ನೂ ಮುಂದೆ ಚಾಚಿ, ಇವು ಯಾರವು ಎನ್ನುವಂತೆ ನೋಡಿದ. ಅವನು ಪಕ್ಕದ ಸ್ಟೂಲಿನ ಮೇಲೆ ಕೂತಾಗ, ಸ್ಟೂಲಿನ ಮೇಲಿದ್ದ ಗರಿಯ ಡಬ್ಬಿ ಅಪ್ಪಚ್ಚಿಯಾಯಿತು. ಯಾರೂ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದದ್ದು.

"ಆಯ್ತು," ಎಂದ ಕೊನೆಗೆ, ತೊಟ್ಟಿಯ ತಳದಿಂದ ಬಂದಂಥ ದನಿಯಲ್ಲಿ. "ಮೂವತ್ತೆಂಟರದೇ ಮಾಡಿಕೊಡಮ್ಮ. ಮೇಲೆ ಮಾತ್ರ ಐವತ್ತು ಅಂತ..."

"ಬರೆಯಲ್ಲ," ಎಂದಳು ಮಗಳು.

"ನಿಮ್ಮಪ್ಪ ಬರೀತಿದ್ರಲ್ಲ!"

"ಅಪ್ಪಂಗೆ ಕಣ್ಣಿಗೆ ಪೊರೆ ಬಂದಿತ್ತು, ನನಗೆ ಬಂದಿಲ್ಲ. ಔಷಧದಂಗಡೀಲಿ ಹಂಗೆ ಬರೆದಿದ್ರೆ ಅರ್ಧ ಊರು ಸತ್ತಿರೋದು. ಮೂವತ್ತೆಂಟರ ಬಾಣ ಬೇಕಾದ್ರೆ ಮೂವತ್ತೆಂಟು ಅಂತ ಬರೀತೀನಿ. ಶನಿವಾರಕ್ಕೆ ಅಂಟು ಒಣಗುತ್ತೆ. ಐವತ್ತು ಅಂತ ಬೇಕಾದ್ರೆ ನಿಮ್ಮ ಹತ್ರ ಹನ್ನೆರಡು ಇದಾವಲ್ಲ."

"ಮೂವತ್ತೊಂಬತ್ತು ಅಂತಾದ್ರೂ ಬರಿಯಮ್ಮಾ. ಕೇಳೋಕೆ ಸ್ವಲ್ಪ..."

"ಮೂವತ್ತೆಂಟು."

ಅಜ್ಜ ದಿಂಬಿನ ಮೇಲೆ ನಗುತ್ತಿದ್ದ. ಪಟ್ಟಿಯ ಕೆಳಗಿಂದ ನೀರು ಬರುವಷ್ಟು ನಗುತ್ತಿದ್ದ. ಆಮೇಲೆ ಏನೋ ನೆನಪಾಗಿ ನಗು ಥಟ್ಟನೆ ನಿಂತಿತು. "ಮಗಳೇ, ಈ ಸಲ ಉಳಿದೋರಿಗೆಲ್ಲ ನೀನು..." ಎಂದವನು ಮೇಸ್ತ್ರಿ ಇನ್ನೂ ಅಲ್ಲೇ ಇರುವುದು ನೆನಪಾಗಿ ಬಾಯಿ ಮುಚ್ಚಿಕೊಂಡ. ಮೇಸ್ತ್ರಿಯ ಕಿವಿಗೆ ಅದು ಬೀಳಲೇ ಇಲ್ಲ. ಜಗತ್ತಿನಲ್ಲಿ ತನಗಿಂತ ದೊಡ್ಡ ಬಿಲ್ಲುಗಾರನಿಲ್ಲ ಎಂದು ಹೇಗೆ ನಂಬಿದ್ದನೋ, ತನಗಿಂತ ದೊಡ್ಡ ಸುಳ್ಳನೂ ಇಲ್ಲವೆಂದು ಆ ಗಳಿಗೆಯಿಂದ ಹಾಗೆಯೇ ನಂಬಿದ. ಯಾವುದರಲ್ಲೂ ಎರಡನೆಯವನಾಗುವ ಅಭ್ಯಾಸ ಅವನಿಗಿರಲಿಲ್ಲ.

ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಊರಿನ ಅರ್ಧ ಜನರ ಅಂಗಿ ಹೊಲಿಯುವವಳು. ಅವನು ಎಲ್ಲವನ್ನೂ ಹೇಳಿದ. ಭೂಮಿ ಬಿರಿದ ಸುದ್ದಿ ಹೇಳುವಂತೆ ಹೇಳಿದ. ಅವಳು ದಾರ ಕಡಿದಳು.

"ನಿಮ್ಮ ತೋಳು ಗಿಡ್ಡ ಅಂತ ಇವತ್ತು ಗೊತ್ತಾಯ್ತಾ?"

"ನಿಂಗೆ ಮೊದಲೇ ಗೊತ್ತಿತ್ತಾ?"

"ಮದುವೆ ಆದಾಗಿಂದ ನಿಮ್ಮ ಅಂಗಿ ಹೊಲಿಯೋಳು ಯಾರು? ಅಂಗಡಿಯಿಂದ ತಂದ ಅಂಗಿಗೆ ತೋಳು ನಾಲ್ಕು ಬೆರಳು ಮಡಚಿ ಹೊಲೀತೀನಿ. ಎಲ್ಲ ಅಂಗಿಗೂ. ನೀವು ಒಂದು ದಿನ ಆದ್ರೂ ಕೇಳಿದೀರಾ?"

"ಹೇಳ್ಬಾರ್ದಿತ್ತೇನೇ?"

"ನಲ್ಲಿ ರಿಪೇರಿಗೆ ತೋಳು ಸಾಕಾಗಿತ್ತು," ಎಂದಳು ಅವಳು. "ಈಗೇನ್ ಮಾಡ್ತೀರಿ? ಐವತ್ತು ಅಂತ ಕೂಗಿ ಮರಕ್ಕೆ ಹೊಡೀತೀರೋ, ಮೂವತ್ತೆಂಟು ಅಂತ ಕೂಗಿ ಗುರಿಗೆ ಹೊಡೀತೀರೋ?"

ಅದೇ ಪ್ರಶ್ನೆಯನ್ನು ಅವನು ಮೂರು ದಿನ ಹೊತ್ತು ತಿರುಗಿದ. ಐವತ್ತು ಹೋದರೆ ಉಳಿಯುವುದು ಬರೀ ಮೇಸ್ತ್ರಿ. ಅಂಥ ಮೇಸ್ತ್ರಿಗಳು ಬೀದಿಗೆ ನಾಲ್ವರು ಸಿಗುತ್ತಾರೆ. ಐವತ್ತನ್ನು ಇಟ್ಟುಕೊಂಡರೆ ದೊಡ್ಡ ಪಂದ್ಯದ ಜಾಗ ಹೋಗುತ್ತದೆ, ಅದೂ ಭಾವಮೈದನ ಪಾಲಿಗೆ. ಆ ಮೂರು ದಿನ ಅವನು ಜೋಡಿಸಿದ ನಲ್ಲಿಗಳಲ್ಲಿ ಬಿಸಿನೀರಿನದರಿಂದ ತಣ್ಣೀರು ಬಂತು, ತಣ್ಣೀರಿನದರಿಂದ ಏನೂ ಬರಲಿಲ್ಲ. ಶನಿವಾರ ಸಂಜೆ ಬಾಣ ತರಲು ಹೋದಾಗ ಅಂಗಡಿ ಮುಚ್ಚಿತ್ತು. ಬಾಣದ ಕಟ್ಟನ್ನು ಬಾಗಿಲಲ್ಲಿ ಒರಗಿಸಿಟ್ಟು ಮಗಳು ಎಲ್ಲಿಗೋ ಹೋಗಿದ್ದಳು.

ಭಾನುವಾರ ಗುಡ್ಡದ ಬುಡದಲ್ಲಿ ಸಂಘದ ಮೂವತ್ತು ಜನ, ಅವರ ಮನೆಯವರು, ಅವರ ನಾಯಿಗಳು, ಎಲ್ಲ ಸೇರಿದ್ದರು. ಬಾಣ ಪರೀಕ್ಷೆಗೆ ಅಪ್ಪನ ಬದಲು ಮಗಳೇ ಕೂತಿದ್ದಳು. ಮೊದಲು ಮಾಂಸದಂಗಡಿಯ ಅಕ್ಕ ಬಂದಳು. ಸಂಘದಲ್ಲಿ ಎಡಗೈಯಲ್ಲಿ ಹೊಡೆಯುವವಳು ಅವಳೊಬ್ಬಳೇ.

"ನಲವತ್ತೈದು!"

ಆಮೇಲೆ ಭಾವಮೈದ. "ಐವತ್ತು!" ಎಂದು ಮೇಸ್ತ್ರಿಯ ಕಡೆ ಕಣ್ಣು ಮಿಟುಕಿಸಿದ. "ಭಾವಾ, ನಿಮ್ದು ಬರ್ಲಿ. ಹಲಗೆ ಗಟ್ಟಿಯಾಗಿ ಹಿಡ್ಕೊಳ್ರೋ, ಬೀಳುತ್ತೆ!"

ಜನ ನಕ್ಕರು, ಕಿವಿ ಮುಚ್ಚಿಕೊಂಡು ಸಿದ್ಧರಾದರು. ಮೇಸ್ತ್ರಿಯ ಬತ್ತಳಿಕೆಯಲ್ಲಿ ಇಪ್ಪತ್ತನಾಲ್ಕು ಬಾಣವಿತ್ತು: ಎಡಗಡೆ ಐವತ್ತರವು, ಬಲಗಡೆ ಮೂವತ್ತೆಂಟರವು. ಕೈ ಎಡಕ್ಕೆ ಹೋಯಿತು. ಅಲ್ಲಿ ಆ ಮರ ನೆನಪಾಯಿತು, ಮುಳ್ಳುಹಂದಿಯಾದ ಮರ. ಕೈ ಬಲಕ್ಕೆ ಬಂತು. ಒಂದು ಬಾಣ ಎಳೆದು ಮೇಜಿನ ಮೇಲಿಟ್ಟ.

"ಮೂವತ್ತೆಂಟು," ಎಂದ.

ಯಾರಿಗೂ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿಯ ಮಾತು ಯಾರಿಗೂ ಕೇಳಲಿಲ್ಲ.

"ಜೋರಾಗಿ ಹೇಳಿ," ಎಂದಳು ಮಗಳು.

"ಮೂವತ್ತೆಂಟು ಅಂದ್ನಲ್ಲಮ್ಮಾ, ಮೂವತ್ತೆಂಟು!"

ಗುಡ್ಡ ಮೂರು ಸಲ ಮಾರ್ದನಿಸಿತು. ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಭಾವಮೈದನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅವನ ಕೈಯಲ್ಲಿದ್ದ ಟೀ ಲೋಟ ನಿಧಾನ ವಾಲಿ, ಟೀಯೆಲ್ಲ ಅವನ ಬೂಟಿನೊಳಗೆ ಇಳಿಯಿತು, ಅವನಿಗೆ ಗೊತ್ತೇ ಆಗಲಿಲ್ಲ. ಬರೆಯುವವನು "ಐ" ಎಂದು ಬರೆದಾಗಿತ್ತು, ಅದನ್ನು ಅಂಗಿಯ ತೋಳಿನಿಂದ ಒರೆಸಿದ. ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಗುಡ್ಡ ಹತ್ತುವ ದಾರಿ ಹಿಡಿದ. ಹೆಂಡತಿ ಮಾತ್ರ ಗುಂಪಿನಲ್ಲಿ ನಿಂತು, ತೋಳು ಮಡಚಿ ಹೊಲಿದ ಅವನ ಅಂಗಿಯನ್ನೇ ನೋಡುತ್ತಿದ್ದಳು.

ಮೂರು ಮೂರು ಬಿಲ್ಲುಗಾರರ ಗುಂಪು, ಒಂದೊಂದು ಗುಂಪು ಒಂದೊಂದು ಗುರಿಯಿಂದ ಶುರು. ಮೇಸ್ತ್ರಿ, ಭಾವಮೈದ, ಮಾಂಸದಂಗಡಿಯ ಅಕ್ಕ ಒಂದೇ ಗುಂಪು. ಅಂಕ ಬರೆಯಲು ಗರಿಯಜ್ಜನ ಮಗಳು. ಮೊದಲ ಗುರಿಗೆ ಮೇಸ್ತ್ರಿಯ ಮೂರೂ ಬಾಣ ಕುರಿಗಳು ಕೊಟ್ಟಿಗೆಗೆ ಹೋದಂತೆ ಹಳದಿಯೊಳಗೆ ಹೋದವು. ಆಮೇಲೆ ಭಾವಮೈದ ಎಳೆದು ಬಿಟ್ಟ.

ಎಡಕ್ಕೆ. ಮರಕ್ಕೆ.

"ಗಾಳಿ," ಎಂದ ಅವನು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಎರಡನೆಯದೂ ಎಡಕ್ಕೆ. "ಅಕ್ಕಾ, ನೀವು ಉಸಿರಾಡ್ಬೇಡಿ, ಬಾಣಕ್ಕೆ ತಾಗ್ತಿದೆ." ಮೂರನೆಯದು ಮರವನ್ನೂ ತಪ್ಪಿಸಿ ಕಣಿವೆಗೆ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವಮೈದ ಗುಡ್ಡವೇ ಡೊಂಕು ಅಂದ. ಆಮೇಲೆ ಮಾಂಸದಂಗಡಿಯ ಅಕ್ಕ ನಗುತ್ತಲೇ ಎಳೆದಳು. ಎಡಗೈಯವಳಾದ ಅವಳ ಮೂರೂ ಬಾಣ ಬಲಗಡೆಯ ಮರಕ್ಕೆ ಹೋಗಿ ಕೂತವು. ನಗು ನಿಂತಿತು.

ಮೇಸ್ತ್ರಿಗೆ ಏನೋ ಹೊಳೆಯತೊಡಗಿದ್ದು ಎರಡನೆಯ ಗುರಿಯಲ್ಲಿ. ಪೂರ್ತಿ ಹೊಳೆದದ್ದು ಮೂರನೆಯದರಲ್ಲಿ. ಅಲ್ಲಿ ಇವರಿಗಿಂತ ಮೊದಲು ಬಂದ ಗುಂಪು ಹೊಡೆದು ಮುಂದೆ ಹೋಗಿತ್ತು. ಗುರಿಯಲ್ಲಿ ಒಂದೇ ಒಂದು ತೂತಿರಲಿಲ್ಲ. ಎಡಗಡೆಯ ಮರದಲ್ಲಿ ಕೈಗೆ ಎಟುಕದ ಎತ್ತರದಲ್ಲಿ ಬಣ್ಣಬಣ್ಣದ ಗರಿಯ ಬಾಣಗಳು ಸಾಲಾಗಿ ನಾಟಿದ್ದವು. ಅಲ್ಲಿಂದ ಕೆಳಗೆ ನೋಡಿದರೆ ಗುಡ್ಡದ ದಾರಿಯುದ್ದಕ್ಕೂ, ಗುರಿ ಗುರಿಯ ಪಕ್ಕದಲ್ಲೂ, ಎಡಗಡೆಯ ಮರಗಳೆಲ್ಲ ಹೂಬಿಟ್ಟಂತೆ ನಿಂತಿದ್ದವು. ಕಣಿವೆಯ ಆಚೆಯಿಂದ "ಅಯ್ಯೋ, ಇದೇನಿದು!" ಎಂದು ಯಾರೋ ಕೂಗಿದರು. ಇನ್ನೊಂದು ಕಡೆಯಿಂದ "ನಿಂದೂನಾ?" ಎಂದು ಕೇಳಿಸಿತು.

ಮೇಸ್ತ್ರಿ ಗರ ಬಡಿದವನಂತೆ ನಿಂತ. "ಇಷ್ಟೂ ಜನಾನಾ?" ಎಂದ ಪಿಸುಗುಟ್ಟುತ್ತ. "ಇಷ್ಟೂ ಜನರ ತೋಳು ಗಿಡ್ಡಾನಾ?"

"ಕೆಲವರ ತೋಳು ಗಿಡ್ಡ, ಕೆಲವರ ಬಿಲ್ಲೇ ಸುಳ್ಳು," ಎಂದಳು ಮಗಳು. "ಅಪ್ಪನ ಹಾಸಿಗೆ ಕೆಳಗೆ ಪುಸ್ತಕ ಇತ್ತು. ಅವರು ಹೇಳಿದ್ದು ಒಂದು ಸಾಲು, ನಿಜವಾಗಿ ಇದ್ದದ್ದು ಒಂದು ಸಾಲು. ಗುರುವಾರದಿಂದ ಕ್ಲಿಪ್ಪು ಹಿಡ್ಕೊಂಡು ಮನೆ ಮನೆ ಹತ್ತಿ ಇಳಿದೆ ಮೇಸ್ತ್ರಿಯವರೇ, ಅಳತೆ ಕೊಡಿ, ಬಾಣ ಬದಲಾಯಿಸ್ತೀನಿ ಅಂತ. ಒಬ್ಬರೂ ಎಳೆದು ತೋರಿಸಲಿಲ್ಲ. ನಿಮ್ಮ ಭಾವಮೈದ ಅಂತೂ ಕತ್ತಿ ಮಸೀತಾ ನಿಂತಿದ್ರು."

ಮೂರು ಗುರಿ ಮುಗಿದಾಗ ಭಾವಮೈದನ ಒಂಬತ್ತು ಬಾಣ ಕಾಡುಪಾಲಾಗಿದ್ದವು, ಅಂಕ ಸೊನ್ನೆ. ಮೇಸ್ತ್ರಿಗೆ ನಲವತ್ತೊಂದು. ಭಾವಮೈದ ಉಳಿದ ಮೂರು ಬಾಣವನ್ನು ಹಿಡಿದು ಕಲ್ಲಿನ ಮೇಲೆ ಕೂತಿದ್ದ. ಅವನ ಮುಖ ಬುಧವಾರದ ಮೇಸ್ತ್ರಿಯ ಮುಖವೇ ಆಗಿತ್ತು. ಅವನೂ ಬಾಯಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಭಾವಾ, ನನ್ನ ಕೈ ಹೋಯ್ತು," ಎಂದ. "ನೀವು ಮುಂದೆ ಹೋಗಿ. ನಾನು ಇಳೀತೀನಿ."

ಹೋಗಬಹುದಿತ್ತು. ಹನ್ನೆರಡನೆಯ ವರ್ಷ ಬುಟ್ಟಿಯಲ್ಲಿ ಬಿದ್ದ ಹಣ್ಣಾಗಿತ್ತು. ಮೇಸ್ತ್ರಿ ಮಗಳ ಕಡೆ ತಿರುಗಿದ. "ಇವನ ಇದ್ದದ್ದು ಎಷ್ಟಮ್ಮಾ?"

"ಅದು ಅವರ ಗುಟ್ಟು. ನಿಮ್ಮ ಬಾಣ ಅವರಿಗೆ ಆಗುತ್ತಾ ಅಂತ ಕೇಳಿದ್ರೆ, ಆಗುತ್ತೆ."

ಮೇಸ್ತ್ರಿ ತನ್ನ ಹೊಸ ಬಾಣಗಳಲ್ಲಿ ಆರನ್ನು ಎಳೆದು ಭಾವಮೈದನ ತೊಡೆಯ ಮೇಲಿಟ್ಟ. ಅದು ಕರುಣೆಯೋ ತುಂಟತನವೋ ಅವನಿಗೂ ಗೊತ್ತಿರಲಿಲ್ಲ. ಬಾಣವಿಲ್ಲದವನನ್ನು ಸೋಲಿಸಿ ಹೇಳಿಕೊಳ್ಳುವುದೇನು ಎಂಬುದು ಅರ್ಧ. ಮೂವತ್ತೆಂಟು ಎಂದು ಬರೆದ ಬಾಣವನ್ನು ಇವನೂ ಹಿಡಿದು ಊರೆದುರು ಇಳಿಯಲಿ ಎಂಬುದು ಇನ್ನರ್ಧ.

"ಮೂವತ್ತೆಂಟಾ?" ಎಂದ ಭಾವಮೈದ, ಹ್ಯಾಪುಮೋರೆಯಲ್ಲಿ. "ನನಗಾ?"

"ಹೊಡಿ, ಆಮೇಲೆ ಮಾತಾಡು."

ಹೊಡೆದ. ಹಳದಿ. ಇನ್ನೊಂದು ಹೊಡೆದ. ಹಳದಿ. ಬಿಲ್ಲನ್ನೂ ಬಾಣವನ್ನೂ ಮೇಸ್ತ್ರಿಯನ್ನೂ ಮೂರು ಸಲ ನೋಡಿದ. "ಭಾವಾ... ಅಂದ್ರೆ..."

"ಹೌದು. ಮುಚ್ಕೊಂಡು ಹೊಡಿ."

ಆಮೇಲೆ ಭಾವಮೈದ ಹೊಡೆದ ಹೊಡೆತವನ್ನು ಆ ಗುಡ್ಡ ಕಂಡಿರಲಿಲ್ಲ. ಸೊನ್ನೆಯಿಂದ ಎದ್ದವನಿಗೆ ಕಳೆದುಕೊಳ್ಳಲು ಏನಿರುತ್ತದೆ? ಗುರಿಯಿಂದ ಗುರಿಗೆ ಅಂತರ ಕರಗುತ್ತ ಬಂತು. ಕೊನೆಯ ಗುರಿ ಗುಡ್ಡದ ಬುಡದಲ್ಲಿ, ಜನರೆಲ್ಲ ಬಂದು ಸೇರಿದ ಕಡೆ. ಭಾವಮೈದ ಮೂರು ಬಾಣ ಮುಗಿಸಿದಾಗ ಅವನ ಒಟ್ಟು ಇನ್ನೂರ ಎಪ್ಪತ್ತೆರಡು. ಮೇಸ್ತ್ರಿಯದು ಎರಡು ಬಾಣವಾದಾಗ ಇನ್ನೂರ ಎಪ್ಪತ್ತೊಂದು. ಉಳಿದದ್ದು ಒಂದು ಬಾಣ. ಎಲ್ಲಿ ಬಿದ್ದರೂ ಸಾಕು. ಬರೀ ಎರಡು ಅಂಕ ತರುವ ಕರಿ ಅಂಚಿಗೆ ಬಿದ್ದರೂ ಗೆದ್ದ.

ಮೇಸ್ತ್ರಿ ಎಳೆದ. ಇಪ್ಪತ್ತನಾಲ್ಕು ಇಂಚಿಗೆ ಕೆನ್ನೆ ಬಂತು. ಆಗ ಗುಂಪಿನಲ್ಲಿ ಯಾರೋ, "ಪಾಪ, ಮೂವತ್ತೆಂಟು" ಎಂದರು.

ಪಾಪ! ಆ ಒಂದು ಮಾತು ಅವನ ಮೈಯೊಳಗೆ ಬೆಂಕಿಯಂತೆ ಹೊಕ್ಕಿತು. ತೋರಿಸುತ್ತೇನೆ ಎಂದುಕೊಂಡ. ಹೆದೆಯನ್ನು ಕೆನ್ನೆ ದಾಟಿಸಿ, ಕಿವಿ ದಾಟಿಸಿ ಎಳೆದ. ಹೆಗಲ ಕೀಲು ಹಳೆಯ ಬಾಗಿಲಂತೆ ಕಿರುಗುಟ್ಟಿತು. ಬಾಣದ ಮೊನೆ ಬಿಲ್ಲಿನವರೆಗೆ ಬಂತು. ಆ ಕ್ಷಣ ಅವನು ನಿಜಕ್ಕೂ ಐವತ್ತು ಎಳೆದಿರಬೇಕು, ಯಾಕೆಂದರೆ ಮೂವತ್ತೆಂಟರ ಬಾಣ ಐವತ್ತರ ಬಲಕ್ಕೆ ಏನು ಮಾಡಬೇಕೋ ಅದನ್ನೇ ಮಾಡಿತು. ಹಾವಿನಂತೆ ಬಳುಕಿ ಬಲಕ್ಕೆ ಜಾರಿ, ಮಾಂಸದಂಗಡಿಯ ಅಕ್ಕನ ಬಾಣಗಳಂತೆಯೇ ಬಲಗಡೆಯ ಮರಕ್ಕೆ ಹೋಗಿ ಕೂತಿತು.

ಹನ್ನೊಂದು ವರ್ಷದ ಮೇಲೆ ಮೇಸ್ತ್ರಿ ಸೋತಿದ್ದ, ಒಂದೇ ಒಂದು ಅಂಕದಿಂದ. ಮೂವತ್ತು ಮನೆಯವರು ಒಟ್ಟಿಗೆ ಬಾಯಿ ತೆರೆದರು, ಒಟ್ಟಿಗೆ ಮುಚ್ಚಲು ಮರೆತರು. ಗೆದ್ದ ಭಾವಮೈದನೇ ಎಲ್ಲರಿಗಿಂತ ಹೆಚ್ಚು ಬೆಚ್ಚಿದ್ದ. ಅವನು ಸೀದಾ ಕರಿಹಲಗೆಗೆ ಹೋಗಿ, ತನ್ನ ಹೆಸರಿನ ಮುಂದಿನ ಐವತ್ತನ್ನು ಅಂಗೈಯಿಂದ ಒರೆಸಿ, ಮೂವತ್ತೆಂಟು ಎಂದು ಬರೆದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದು, ಅತ್ತ ಇತ್ತ ನೋಡಿ, ತಂತಮ್ಮ ಅಂಕಿ ಒರೆಸತೊಡಗಿದರು. ಮಗಳು ಕ್ಲಿಪ್ಪು ತೆಗೆದು ಮೇಜಿನ ಮೇಲಿಟ್ಟಳು. ಅಳತೆ ಕೊಡಲು ಜನರ ಸಾಲು ನಿಂತಿತು.

ಮೇಸ್ತ್ರಿ ಖಾಲಿ ಬಿಲ್ಲು ಹಿಡಿದು ಗುರಿಯ ಮುಂದೆಯೇ ನಿಂತಿದ್ದ. ಹೆಂಡತಿ ಪಕ್ಕಕ್ಕೆ ಬಂದಳು. "ಹೆಗಲು ನೋಯ್ತಿದೆಯೇನ್ರೀ?"

"ನನ್ನ ಬಾಣಾನೇ ಕಣೇ ಗೆದ್ದಿದ್ದು," ಎಂದ ಅವನು.

"ಹೌದು ಬಿಡಿ. ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ."

ಅವನು ಬಲಗಡೆಯ ಮರವನ್ನು ನೋಡಿದ. ಬಾಣ ಗರಿಯವರೆಗೆ ಒಳಗಿಳಿದಿತ್ತು, ಇಡೀ ಗುಡ್ಡದಲ್ಲಿ ಅಷ್ಟು ಆಳಕ್ಕೆ ಇಳಿದ ಬಾಣ ಇನ್ನೊಂದಿರಲಿಲ್ಲ. ಮುಖಕ್ಕೆ ನಿಧಾನವಾಗಿ ಕಳೆ ಬಂತು. ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದವರ ಕಡೆ ತಿರುಗಿ, ಎದೆ ಸೆಟೆಸಿದ.

"ಏನ್ರಪ್ಪಾ, ಮೂವತ್ತೆಂಟು ಅಂದ್ರೆ ಏನು ಅಂತ ಗೊತ್ತಾ ನಿಮಗೆ? ಐವತ್ತರ ಬಾಣ ಮರ ತೂರುತ್ತೆ, ಅದ್ರಲ್ಲೇನಿದೆ. ಮೂವತ್ತೆಂಟರದು ಬರ್ತಿದೆ ಅಂತ ಗೊತ್ತಾದ್ರೆ ಮರಾನೇ ಪಕ್ಕಕ್ಕೆ ಸರಿಯುತ್ತೆ!"